ಕಾರಿಲ್ಲದೆ ಮಂಗಳೂರು ಸುತ್ತಬಹುದಾ? ಜೊತೆಗೆ ಮಂಡಿನೋವಿನ ಅವ್ವ ಇದ್ದಾರೆ

ದಾವಣಗೆರೆ_ಬಸು:

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಮುಗಿದ ವಾರ ಮಂಗಳೂರಿಗೆ ಹೊರಟಿದ್ದೇವೆ. ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗ, ಜೊತೆಗೆ ನಮ್ಮ ಅವ್ವ. ಅವ್ವಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು. ಸಮತಟ್ಟು ಜಾಗ ಇದ್ದರೆ ನಿಧಾನಕ್ಕೆ ನಡೆಯುತ್ತಾರೆ. ಮೆಟ್ಟಿಲು ಕಂಡರೆ ಮಾತ್ರ ನಿಂತುಬಿಡುತ್ತಾರೆ. ಇಷ್ಟು ವಯಸ್ಸಾದರೂ ಸಮುದ್ರ ನೋಡಿಲ್ಲ. "ಟೀವಿಯಾಗ ನೋಡೀನಿ ಬಿಡು" ಅಂತಾರೆ, ಆದರೆ ಹೊರಡೋದು ಗೊತ್ತಾದ ಮೇಲೆ ಚೀಲ ತುಂಬೋಕೆ ಮೊದಲು ಶುರು ಮಾಡಿದ್ದೂ ಅವರೇ.

ನನಗೆ ಕಾರು ಓಡಿಸಲು ಬರಲ್ಲ. ಮೂರು ದಿನಕ್ಕೂ ಟ್ಯಾಕ್ಸಿ ಮಾಡಿದರೆ ಖರ್ಚು ಜಾಸ್ತಿ ಆಗುತ್ತೆ. ಅಲ್ಲಿ ಸಿಟಿ ಬಸ್ಸು ಚೆನ್ನಾಗಿವೆ ಅಂತ ಕೇಳಿದ್ದೇನೆ, ನಿಜಾನಾ? ಉಳಿಯೋಕೆ ಬೀಚ್ ಹತ್ತಿರ ರೂಮ್ ಮಾಡಬೇಕಾ, ಊರೊಳಗೆ ಮಾಡಬೇಕಾ? ಅವ್ವಗೆ ಕಟೀಲು, ಕದ್ರಿ, ಮಂಗಳಾದೇವಿ ಆಗಬೇಕು. ಮಗನಿಗೆ ಸರ್ಫಿಂಗ್ ಅಂತೆ, ಯಾವುದೋ ವಿಡಿಯೋ ನೋಡಿದ್ದಾನೆ. ಹೆಂಡತಿಗೆ ಎಲ್ಲೂ ಓಡೋದು ಬೇಡ, ಸಂಜೆ ಸುಮ್ನೆ ದಂಡೆ ಮೇಲೆ ಕೂತರೆ ಸಾಕು. ಇನ್ನು ಊಟ. ಅವ್ವ ಮೀನಿನ ವಾಸನೆ ಬಂದರೇ ಎದ್ದು ಹೋಗುತ್ತಾರೆ. ನಾನೂ ಮಗನೂ ತಿನ್ನುತ್ತೇವೆ. ಇದೆಲ್ಲ ಒಂದೇ ಪ್ರವಾಸದಲ್ಲಿ ಹೇಗೆ ಕೂಡಿಸೋದು, ಗೊತ್ತಿದ್ದವರು ಹೇಳಿ.

ಪಡೀಲ್_ಪ್ರವೀಣ:

ವಯಸ್ಸಾದವರು ಇದ್ದಾರೆ ಅಂದರೆ ಮೂರು ದಿನಕ್ಕೂ ಟ್ಯಾಕ್ಸಿ ಮಾಡಿಬಿಡಿ ಸಾರ್. ನಮ್ಮ ಸಿಟಿ ಬಸ್ಸಿನ ಸ್ಪೀಡ್ ನಿಮಗೆ ಗೊತ್ತಿಲ್ಲ. ಹತ್ತುವವರ ಎರಡನೇ ಕಾಲು ಇನ್ನೂ ನೆಲದ ಮೇಲೆ ಇರುವಾಗಲೇ "ರೈಟ್" ಆಗಿರುತ್ತೆ.

ಉರ್ವದ_ಅಕ್ಕ:

ಪ್ರವೀಣ ಹೇಳಿದ್ದರಲ್ಲಿ ಅರ್ಧ ನಿಜ. ಬಸ್ಸಿನ ಸ್ಪೀಡ್ ಹಾಗೇ ಉಂಟು. ಆದರೆ ಮೂರು ದಿನವೂ ಟ್ಯಾಕ್ಸಿ ಬೇಡ ಮಾರಾಯ್ರೇ. ನಾನು ಉರ್ವಸ್ಟೋರಿನಿಂದ ಹಂಪನಕಟ್ಟೆಗೆ ದಿನಾ ಬಸ್ಸಲ್ಲೇ ಹೋಗಿ ಬರುವವಳು. ನಮ್ಮ ಅತ್ತೆಗೂ ನಿಮ್ಮ ಅವ್ವನ ಹಾಗೇ ಮಂಡಿನೋವು. ಆದ್ದರಿಂದ ಎರಡೂ ಕಡೆ ಗೊತ್ತುಂಟು, ಹೇಳುತ್ತೇನೆ ಕೇಳಿ.

ಮೊದಲು ಬಿಸಿಲಿನ ವಿಷಯ. ಜನವರಿಯಲ್ಲಿ ನಿಮ್ಮೂರಲ್ಲಿ ಬೆಳಿಗ್ಗೆ ಚಳಿ ಇರುತ್ತದೆ, ನೀವು ಸ್ವೆಟರ್ ತರುತ್ತೀರಿ. ಇಲ್ಲಿ ಅದನ್ನು ಚೀಲದಿಂದ ತೆಗೆಯುವ ಅಗತ್ಯವೇ ಬೀಳುವುದಿಲ್ಲ. ಹತ್ತೂವರೆ ಹನ್ನೊಂದಕ್ಕೆಲ್ಲ ಬಿಸಿಲು ಚುರುಕಾಗುತ್ತದೆ. ದಾವಣಗೆರೆಯ ಬಿಸಿಲಿಗೆ ಮರದ ನೆರಳಲ್ಲಿ ನಿಂತರೆ ತಂಪಾಗುತ್ತದೆ. ಇಲ್ಲಿ ನೆರಳಲ್ಲೂ ಬೆವರು ನಿಲ್ಲುವುದಿಲ್ಲ, ಕಡಲ ಗಾಳಿಯಲ್ಲಿ ಅಷ್ಟು ನೀರುಂಟು. ಹಾಗಾಗಿ ದಿನವನ್ನು ಎರಡು ತುಂಡು ಮಾಡಿ. ಬೆಳಿಗ್ಗೆ ಏಳರಿಂದ ಹತ್ತೂವರೆ ತನಕ ದೇವಸ್ಥಾನ. ಮಧ್ಯಾಹ್ನ ಊಟ ಮಾಡಿ ರೂಮಿನಲ್ಲಿ ಮಲಗಿ. ನಾಲ್ಕರ ಮೇಲೆ ಕಡಲು. ಮಧ್ಯಾಹ್ನ ಎರಡು ಗಂಟೆಗೆ ಬೀಚಿನಲ್ಲಿ ಓಡಾಡುವವರು ಹೊರಗಿನವರು ಮಾತ್ರ, ಮರಳು ಕಾದು ಚಪ್ಪಲಿಯೊಳಗೆ ಬಂದರೂ ಸುಡುತ್ತದೆ.

ಇದೇ ಕಾರಣಕ್ಕೆ ರೂಮ್ ಊರೊಳಗೇ ಮಾಡಿ. ಮಧ್ಯಾಹ್ನ ವಾಪಸ್ ಬರಬೇಕಲ್ಲ. ಹಂಪನಕಟ್ಟೆ, ಬಲ್ಮಠ, ಕಂಕನಾಡಿ, ಈ ಕಡೆ ಎಲ್ಲಾ ದರದ ಲಾಡ್ಜ್ ಉಂಟು. ಲಿಫ್ಟ್ ಇದೆಯಾ ಅಂತ ಫೋನಿನಲ್ಲೇ ಕೇಳಿ. ಲಿಫ್ಟಿಗೆ ಹೋಗಲು ಎಷ್ಟು ಮೆಟ್ಟಿಲು ಅಂತಲೂ ಕೇಳಿ! ನಮ್ಮದು ಗುಡ್ಡದ ಊರು. ರಸ್ತೆ ಒಂದು ಎತ್ತರ, ಕಟ್ಟಡದ ಬಾಗಿಲು ಇನ್ನೊಂದು ಎತ್ತರ. ಮ್ಯಾಪಿನಲ್ಲಿ ಅರ್ಧ ಕಿಲೋಮೀಟರ್ ಅಂತ ತೋರಿಸುವುದು ನಡೆಯುವಾಗ ಪೂರ್ತಿ ಏರು ಆಗಿರುತ್ತದೆ. ಅವ್ವನ ಜೊತೆ ಹೋಗುವಾಗ ಮ್ಯಾಪಿನ ದೂರ ನಂಬಬೇಡಿ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಪ್ರೈವೇಟ್. ಎಲ್ಲವಕ್ಕೂ ಬೇರು ಸ್ಟೇಟ್‌ಬ್ಯಾಂಕ್. ಬ್ಯಾಂಕಿಗೆ ಹೋಗಲಿಕ್ಕಿಲ್ಲ, ನೆಹರೂ ಮೈದಾನದ ಹತ್ತಿರದ ಬಸ್‌ಸ್ಟ್ಯಾಂಡಿಗೇ ನಾವು ಹಾಗೆ ಹೇಳುವುದು. ಎಲ್ಲಿ ದಾರಿ ತಪ್ಪಿದರೂ "ಸ್ಟೇಟ್‌ಬ್ಯಾಂಕ್" ಅಂತ ಕೂಗುವ ಬಸ್ ಹತ್ತಿದರೆ ಊರಿನ ನಡುವಿಗೆ ಬಂದು ಬೀಳುತ್ತೀರಿ. ಹೆಂಗಸರಿಗೆ ಮುಂದಿನ ಸೀಟು. ಕಂಡಕ್ಟರ್ ಕೈಯಲ್ಲಿ ಚಿಲ್ಲರೆ ಕುಲುಕಿಸುತ್ತಾ ಬರುತ್ತಾನೆ, ಎಲ್ಲಿ ಇಳಿಯಬೇಕು ಅಂತ ಮೊದಲೇ ಹೇಳಿಡಿ, ಸ್ಟಾಪ್ ಬಂದಾಗ ಅವನೇ ಕರೆಯುತ್ತಾನೆ. ತುಳುವಿನಲ್ಲಿ ಏನಾದರೂ ಹೇಳಿದರೆ ಗಾಬರಿ ಬೇಡ, ಹಿಂದೆ ಹೋಗಿ ಅಥವಾ ಮುಂದೆ ಹೋಗಿ ಅಂದಿರುತ್ತಾನೆ, ಬೇರೆ ಏನೂ ಇರುವುದಿಲ್ಲ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ.

ಆದರೆ ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಅವ್ವ ಜೊತೆಗಿದ್ದರೆ ಊರೊಳಗೆ ಆಟೋ ಹಿಡಿಯಿರಿ. ಇಲ್ಲಿ ಆಟೋದವರು ಮೀಟರ್ ಹಾಕುತ್ತಾರೆ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ರೈಲ್ವೆ ಸ್ಟೇಷನ್ ಹೊರಗೆ ಲಗೇಜು ನೋಡಿ "ಇಷ್ಟು ಕೊಡಿ" ಅನ್ನುವವರು ಒಬ್ಬಿಬ್ಬರು ಇರುತ್ತಾರೆ, ಅವರನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬನ್ನಿ. ನೀವು ಮತ್ತು ಮಗ ಇಬ್ಬರೇ ತಿರುಗುವಾಗ ಬಸ್ಸೇ ಹಿಡಿಯಿರಿ, ಆ ಮಜಾ ಆಟೋದಲ್ಲಿಲ್ಲ. ರಾತ್ರಿ ಎಂಟೂವರೆ ಒಂಬತ್ತರ ಮೇಲೆ ಬಸ್ಸು ಕಮ್ಮಿ, ಅದು ಲೆಕ್ಕದಲ್ಲಿರಲಿ.

ಟ್ಯಾಕ್ಸಿ ಒಂದೇ ದಿನಕ್ಕೆ ಸಾಕು, ಕಟೀಲಿನ ದಿನಕ್ಕೆ. ಅದನ್ನು ಆಮೇಲೆ ಬರೆಯುತ್ತೇನೆ, ಅಕ್ಕಿ ಕುದಿಯುತ್ತಿದೆ.

ಘಾಟಿ_ರೈಲು:

ದಾವಣಗೆರೆಯವರು ಅಂದಿರಿ, ಹಾಗಾದರೆ ಬಸ್ಸು ಬಿಡಿ, ರೈಲು ಹಿಡಿಯಿರಿ. ವಿಜಯಪುರದಿಂದ ಮಂಗಳೂರಿಗೆ ಬರುವ ರೈಲು ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ಹಾಸನದ ಮೇಲೆ ಬರುತ್ತೆ. ರಾತ್ರಿ ಹತ್ತಿ ಮಲಗಿ. ಸಕಲೇಶಪುರ ದಾಟುವಾಗ ಎದ್ದು ಕೂರಿ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. ರೈಲು ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಲ್ಲ, ಇಳಿಜಾರು ಅಷ್ಟು ಕಡಿದು. ಹಳೇ ಮೀಟರ್‌ಗೇಜ್ ಲೈನನ್ನು 1996ರಲ್ಲಿ ನಿಲ್ಲಿಸಿ ಬ್ರಾಡ್‌ಗೇಜ್ ಮಾಡಿದರು. ಮತ್ತೆ ಪ್ಯಾಸೆಂಜರ್ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹತ್ತು ಹನ್ನೊಂದು ವರ್ಷ ಆ ಕಾಡಿನಲ್ಲಿ ಜನ ಹೋಗುವ ರೈಲೇ ಇರಲಿಲ್ಲ ಅಂದರೆ ನೋಡಿ.

ಎರಡು ವಿಷಯ ನೋಡಿಕೊಳ್ಳಿ. ಘಾಟಿಯಲ್ಲಿ ಕೆಲಸ ನಡೆಯುವಾಗ ರೈಲು ರದ್ದು ಮಾಡುತ್ತಾರೆ, ಟಿಕೆಟ್ ಮಾಡುವ ಮುಂಚೆಯೂ ಹೊರಡುವ ಹಿಂದಿನ ದಿನವೂ ನೋಡಿ. ಇನ್ನೊಂದು, ಮಂಗಳೂರಿಗೆ ಎರಡು ಸ್ಟೇಷನ್. ಸೆಂಟ್ರಲ್ ಊರಿನ ನಡುವೆ, ಹಂಪನಕಟ್ಟೆಗೆ ಹತ್ತಿರ. ಜಂಕ್ಷನ್ ಇರೋದು ಪಡೀಲ್ ಕಡೆ, ಊರಿನ ಹೊರಗೆ. ಟಿಕೆಟ್‌ನಲ್ಲಿ ಯಾವುದು ಅಂತ ಓದಿ ಇಳಿಯಿರಿ. ಅವ್ವಗೆ ಲೋವರ್ ಬರ್ತ್ ಕೋಟಾ ಹಾಕೋದು ಮರೀಬೇಡಿ.

ಮುಂದೊಮ್ಮೆ ಬೆಂಗಳೂರು ಕಡೆಯಿಂದ ಬಂದರೆ ಯಶವಂತಪುರದ ಹಗಲು ರೈಲು ನೋಡಿ. 2021ರಿಂದ ಅದಕ್ಕೆ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಆ ಬೋಗಿಯಲ್ಲಿ ಜನ ಕಿಟಕಿ ಬಿಟ್ಟು ಮೊಬೈಲನ್ನೇ ನೋಡುತ್ತಾ ಕೂತಿರುತ್ತಾರೆ, ಅದು ಬೇರೆ ಮಾತು.

ದಾವಣಗೆರೆ_ಬಸು:

ತುಂಬಾ ಥ್ಯಾಂಕ್ಸ್. ರೈಲೇ ಫಿಕ್ಸ್. ಉರ್ವದ ಅಕ್ಕ, ನಿಮ್ಮ ಅಕ್ಕಿ ಬೆಂದ ಮೇಲೆ ಇನ್ನೆರಡು ಸಂಶಯ ಬಗೆಹರಿಸಿ. ಅವ್ವ ಆಧಾರ್ ಕಾರ್ಡ್ ಬ್ಲೌಸಿನೊಳಗಿನ ಪರ್ಸಲ್ಲೇ ಇಟ್ಟುಕೊಂಡು ತಿರುಗುತ್ತಾರೆ, "ನನಗ ಬಸ್ ಫ್ರೀ ಐತಿ" ಅಂತ. ಅಲ್ಲಿ ನಡೆಯುತ್ತಾ? ಇನ್ನೊಂದು, ಸಮುದ್ರ ಮೊದಲ ಸಲ ನೋಡೋಕೆ ಯಾವ ಬೀಚ್ ಒಳ್ಳೇದು? ಹೆಸರುಗಳು ಬಹಳ ಇವೆ, ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಉಳ್ಳಾಲ, ಸುರತ್ಕಲ್. ಎಲ್ಲಾ ಒಂದೇ ಅಲ್ವಾ?

ಉರ್ವದ_ಅಕ್ಕ:

ಬೆಂದಿತು, ಊಟವೂ ಆಯಿತು.

ಆಧಾರ್ ವಿಷಯ ಮೊದಲು, ಯಾಕೆಂದರೆ ಈ ಮಾತಿಗೆ ಬಸ್ಸಲ್ಲಿ ಜಗಳ ಆಗುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮಲ್ಲಿ ಪ್ರೈವೇಟ್ ಸಿಟಿ ಬಸ್ಸೇ ಜಾಸ್ತಿ, ಅದರಲ್ಲಿ ಎಲ್ಲರಿಗೂ ಟಿಕೆಟ್. ಕೆಎಸ್ಆರ್‌ಟಿಸಿಯ ಸಿಟಿ ಬಸ್ಸು ಕೆಲವು ಉಂಟು, ನಾವು ನರ್ಮ್ ಬಸ್ ಅನ್ನುತ್ತೇವೆ, ಅದರಲ್ಲಿ ಅವ್ವ ಕಾರ್ಡ್ ತೋರಿಸಿ ರಾಣಿಯ ಹಾಗೆ ಕೂರಬಹುದು. ಆದರೆ ಅದಕ್ಕೋಸ್ಕರ ಬಿಸಿಲಲ್ಲಿ ಕಾಯಿಸಬೇಡಿ. ಕೆಎಸ್ಆರ್‌ಟಿಸಿ ಸ್ಟ್ಯಾಂಡ್ ಬಿಜೈಯಲ್ಲಿ, ಸ್ಟೇಟ್‌ಬ್ಯಾಂಕಿನ ಹತ್ತಿರ ಅಲ್ಲ. ಊರಿಗೆ ಹೊಸಬರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಇನ್ನು ಬೀಚ್. ಎಲ್ಲಾ ಒಂದೇ ಅಂದುಬಿಟ್ಟಿರಲ್ಲ! ನೀರು ಒಂದೇ, ಅಷ್ಟೇ.

ಮೊದಲ ಸಂಜೆ ಅವ್ವನಿಗೆ ಪಣಂಬೂರು. ನನ್ನ ಇಷ್ಟದ ಬೀಚ್ ಅದಲ್ಲ, ಜನ ಜಾಸ್ತಿ, ಒಂಟೆ, ಗಾಳಿಪಟ, ಚುರುಮುರಿ, ಗಲಾಟೆ. ಆದರೆ ಮಂಡಿನೋವಿನವರಿಗೆ ಅದೇ ಸರಿ. ಗಾಡಿ ದಂಡೆಯ ಹತ್ತಿರದ ತನಕ ಹೋಗುತ್ತದೆ. ಅಂಗಡಿಯವರ ಕುರ್ಚಿ ಇರುತ್ತದೆ, ಏನಾದರೂ ತೆಗೆದುಕೊಂಡರೆ ಎಷ್ಟು ಹೊತ್ತು ಕೂತರೂ ಎಬ್ಬಿಸುವುದಿಲ್ಲ. ಪಕ್ಕದಲ್ಲೇ ನವಮಂಗಳೂರು ಬಂದರು. ದೂರದಲ್ಲಿ ಹಡಗು ಸಾಲಾಗಿ ನಿಂತಿರುತ್ತವೆ, ಒಳಗೆ ಬರಲು ತಮ್ಮ ಸರದಿಗೆ ಕಾಯುತ್ತಾ. ಮೊದಲ ಸಲ ಕಡಲು ನೋಡುವವರಿಗೆ ಆ ಹಡಗುಗಳಿಂದಲೇ ಕಡಲು ಎಷ್ಟು ದೊಡ್ಡದು ಅಂತ ಅಂದಾಜಾಗುವುದು. ಲೈಫ್‌ಗಾರ್ಡ್ ಇರುತ್ತಾರೆ, ಸೀಟಿ ಊದಿದರೆ ಮಗನಿಗೆ ಹಿಂದೆ ಬರಲು ಹೇಳಿ.

ಒಂದು ಸಣ್ಣ ಉಪಾಯ. ಒಣ ಮರಳಿನಲ್ಲಿ ಕಾಲು ಹೂತು ಮಂಡಿ ತಿರುಚುತ್ತದೆ. ಅತ್ತೆಯನ್ನು ನಾವು ಎರಡು ಕಡೆ ಹಿಡಿದುಕೊಂಡು ಆ ಒಣ ಮರಳಿನ ಪಟ್ಟಿ ದಾಟಿಸಿಬಿಡುತ್ತೇವೆ. ಆಮೇಲೆ ಒದ್ದೆ ಮರಳು ಸಿಮೆಂಟಿನಷ್ಟು ಗಟ್ಟಿ, ಅವರೇ ಕೈ ಬಿಡಿಸಿಕೊಂಡು ನಡೆಯುತ್ತಾರೆ. ಅಲೆ ಬಂದು ವಾಪಸ್ ಹೋಗುವಾಗ ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ಆಗ ತಲೆ ತಿರುಗಿದ ಹಾಗಾಗುತ್ತದೆ. ಆ ಹೊತ್ತಿಗೆ ಮಾತ್ರ ಕೈ ಹಿಡಿದಿರಿ.

ತಣ್ಣೀರುಬಾವಿ ನನ್ನ ಇಷ್ಟದ್ದು. ಅಲ್ಲಿಗೆ ಹೋಗುವ ದಾರಿಯೇ ಚಂದ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಆಟೋದಲ್ಲಿ ಹೋಗಿ. ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ನದಿಯಿಂದ ಹಡಗು ಒಳಗೆ ಬರದ ಹಾಗೆ ಕಾಯಲಿಕ್ಕೆ. ಫಿರಂಗಿ ಇಡುವ ಕಿಂಡಿಗಳು ಇವತ್ತೂ ಉಂಟು, ಮಗ ಮೇಲೆ ಹತ್ತಿ ನೋಡಲಿ. ಅದರ ಹತ್ತಿರವೇ ದೋಣಿ ಕಟ್ಟೆ. ಫಲ್ಗುಣಿ ನದಿ ದಾಟಿದರೆ ಆಚೆ ಕಡೆ ಒಂದು ಉದ್ದ ನೆಲದ ಪಟ್ಟಿ, ಅದರ ಇನ್ನೊಂದು ಬದಿಗೆ ಕಡಲು. ದೋಣಿಯಲ್ಲಿ ಸ್ಕೂಲ್ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು ಎಲ್ಲಾ ಒಟ್ಟಿಗೆ. ರಸ್ತೆಯಲ್ಲಿ ಹೋದರೆ ಕೂಳೂರು ಸೇತುವೆ ಸುತ್ತಿ ತುಂಬಾ ದೂರ.

ಆದರೆ ಅವ್ವನಿಗೆ ದೋಣಿ ಹತ್ತುವುದು ಸ್ವಲ್ಪ ಕಷ್ಟ. ನೀರು ಇಳಿದ ಹೊತ್ತಿನಲ್ಲಿ ದೋಣಿಯ ಅಂಚು ಕಟ್ಟೆಗಿಂತ ಕೆಳಗಿರುತ್ತದೆ, ಕಾಲು ಚಾಚಿ ಇಳಿಯಬೇಕು. ದೋಣಿಯವರು ಕೈ ಕೊಡುತ್ತಾರೆ, ಆದರೂ ಸ್ಥಳದಲ್ಲಿ ನೋಡಿ ನಿರ್ಧಾರ ಮಾಡಿ. ಆಗಲಿಲ್ಲ ಅಂದರೆ ನೀವು ಮತ್ತು ಹೆಂಡತಿ ಮಗ ಹೋಗಿ ಬನ್ನಿ, ಅವ್ವ ರೂಮಿನಲ್ಲಿ ಧಾರಾವಾಹಿ ನೋಡಲಿ. ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಹೋಗುವಾಗಲೇ ಕೇಳಿ. ಜನವರಿಯಲ್ಲಿ ಸೂರ್ಯ ಮುಳುಗುವಾಗ ಆರೂಕಾಲು ದಾಟಿರುತ್ತದೆ, ಅದನ್ನು ನೋಡಿ ದೋಣಿಗೆ ಓಡುವ ಹಾಗೆ ಆಗುವುದು ಬೇಡ.

ಸೋಮೇಶ್ವರದಲ್ಲಿ ದೇವಸ್ಥಾನ ಕಡಲಿಗೆ ತಾಗಿಕೊಂಡೇ ಉಂಟು, ರುದ್ರಶಿಲೆ ಅನ್ನುವ ಬಂಡೆಗಳು ಉಂಟು. ನೋಡಲು ಬಹಳ ಚಂದ. ಆದರೆ ಅಲ್ಲಿ ನೀರಿಗೆ ಇಳಿಯಬಾರದು. ಬಂಡೆಯ ಸಂದಿನಲ್ಲಿ ಸೆಳೆತ ಜೋರು. ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ, ಹೆಚ್ಚಿನವರು ಹೊರಗಿನಿಂದ ಬಂದ ಹುಡುಗರು. ಮಗನಿಗೆ ಗಟ್ಟಿಯಾಗಿ ಹೇಳಿ. ಬಂಡೆಯ ಮೇಲೆ ನಿಂತು ಸೆಲ್ಫಿಯೂ ಬೇಡ, ಪಾಚಿ ಜಾರುತ್ತದೆ.

ಈಗ ಕಟೀಲಿನ ದಿನ. ಅವತ್ತು ಬೆಳಿಗ್ಗೆ ಬೇಗ ಟ್ಯಾಕ್ಸಿ ಮಾಡಿ ಒಂದು ಸುತ್ತು ಹೊಡೆಯಿರಿ. ಸುರತ್ಕಲ್ ದಾಟಿ ಹಳೆಯಂಗಡಿಯಲ್ಲಿ ಎಡಕ್ಕೆ ತಿರುಗಿದರೆ ಸಸಿಹಿತ್ಲು. ನಂದಿನಿಯೂ ಶಾಂಭವಿಯೂ ಕಡಲು ಸೇರುವ ಜಾಗ. ಸರ್ಫಿಂಗ್ ಅಲ್ಲೂ ಮುಲ್ಕಿಯಲ್ಲೂ ಕಲಿಸುತ್ತಾರೆ. 2016ರಲ್ಲಿ ದೇಶದ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲುವಿನಲ್ಲೇ ನಡೆದಿತ್ತು. ಮೊದಲೇ ಫೋನ್ ಮಾಡಿ ಹೊತ್ತು ಗೊತ್ತು ಮಾಡಿಕೊಳ್ಳಿ, ಅಲೆ ಗಾಳಿ ನೋಡಿ ಅವರು ಸಮಯ ಹೇಳುತ್ತಾರೆ. ಈಜು ಬರದ ಹುಡುಗ ಅಂದರೆ ಅದನ್ನೂ ಮೊದಲೇ ಹೇಳಿ. ಅಲ್ಲಿಂದ ಕಿನ್ನಿಗೋಳಿ ಮೇಲೆ ಕಟೀಲು. ನಂದಿನಿ ನದಿಯ ನಡುವೆ ದೇವಸ್ಥಾನ. ಮಗ ಬೆಳಿಗ್ಗೆ ಅದೇ ನದಿ ಕಡಲಿಗೆ ಸೇರುವಲ್ಲಿ ಬಿದ್ದು ಎದ್ದಿರುತ್ತಾನೆ! ಮಧ್ಯಾಹ್ನ ಅಲ್ಲೇ ಪ್ರಸಾದದ ಊಟ. ವಾಪಸ್ ಬಜ್ಪೆ ಮೇಲೆ ಬನ್ನಿ, ಬಂದ ದಾರಿ ಬೇಡ. ಬರೀ ಕಟೀಲಿಗೆ ಅಂದರೆ ಸ್ಟೇಟ್‌ಬ್ಯಾಂಕಿನಿಂದ ನೇರ ಬಸ್ಸೇ ಉಂಟು, ಟ್ಯಾಕ್ಸಿ ಬೇಡ.

ಕದ್ರಿಗೆ ಬೆಳಿಗ್ಗೆ ಆಟೋದಲ್ಲಿ. ಗರ್ಭಗುಡಿಯ ಮಂಜುನಾಥನ ಜೊತೆಗೆ ಲೋಕೇಶ್ವರನ ಕಂಚಿನ ಮೂರ್ತಿಯನ್ನೂ ಕೇಳಿ ನೋಡಿ. ಆಳುಪ ವಂಶದ ರಾಜ ಕುಂದವರ್ಮ 968ರಲ್ಲಿ ಮಾಡಿಸಿದ್ದು. ಸಾವಿರ ವರ್ಷ ಕಳೆದರೂ ಮುಖ ನಿನ್ನೆ ಮೊನ್ನೆ ಎರಕ ಹೊಯ್ದ ಹಾಗೆ ಉಂಟು. ಹಿಂದಿನ ಕೆರೆಗಳು, ಜೋಗಿ ಮಠ ಎಲ್ಲಾ ಮೇಲೆ, ಮೆಟ್ಟಿಲು. ಅವ್ವ ಕೆಳಗೇ ಕೂರಲಿ. ಇಲ್ಲಿನ ಕೆಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಪಂಚೆ ಅಥವಾ ಶಲ್ಯ ಒಂದು ಜೊತೆಗಿರಲಿ.

ಪಿಲಿಕುಳ ನಿಸರ್ಗಧಾಮದ ಬಗ್ಗೆ ಕೇಳಲಿಲ್ಲ ನೀವು, ಆದರೂ ಎಲ್ಲರೂ ಹೇಳುತ್ತಾರೆ ಅಂತ ಬರೆಯುತ್ತೇನೆ. ನಡೆಯಲಿಕ್ಕೆ ತುಂಬಾ ಉಂಟು. ಮೃಗಾಲಯಕ್ಕೆ ಸೋಮವಾರ ರಜೆ. ಮೂರು ದಿನದಲ್ಲಿ ಅದನ್ನು ಬಿಟ್ಟರೆ ನಷ್ಟ ಇಲ್ಲ.

ಬಲ್ಮಠದ_ಹಳೇಹುಲಿ:

ಯಾರೂ ಅಲೋಶಿಯಸ್ ಚಾಪೆಲ್ ಹೆಸರು ಎತ್ತಲಿಲ್ಲ, ಆಶ್ಚರ್ಯ. ಲೈಟ್‌ಹೌಸ್ ಹಿಲ್ ಮೇಲೆ, ಬಾವುಟಗುಡ್ಡೆ ಅಂತಾರಲ್ಲ, ಅಲ್ಲಿ. ಇಟಲಿಯ ಆಂಟೊನಿಯೊ ಮೊಸ್ಕೇನಿ ಅನ್ನುವ ಜೆಸ್ವಿಟ್ ಪಂಥದ ಕ್ರೈಸ್ತ ಸನ್ಯಾಸಿ 1899ರಿಂದ ಸುಮಾರು ಎರಡು ವರ್ಷ ಕೂತು ಗೋಡೆ, ಕಮಾನು, ಛಾವಣಿ ಎಲ್ಲಾ ಚಿತ್ರ ಬರೆದಿದ್ದಾನೆ. ಗೋಡೆಯ ಚಿತ್ರ ಹಸಿ ಗಾರೆಯ ಮೇಲೆ, ಛಾವಣಿಯದ್ದು ಕ್ಯಾನ್ವಾಸಿನ ಮೇಲೆ. ಕಂಬದ ಮೇಲೆ ಎದ್ದು ಬಂದ ಹಾಗೆ ಕಾಣುವ ಕೆತ್ತನೆಯಲ್ಲಿ ಎಷ್ಟೋ ಕೆತ್ತನೆಯೇ ಅಲ್ಲ, ಬಣ್ಣ. ಹತ್ತಿರ ಹೋಗಿ ನೋಡಿದರೆ ಗೋಡೆ ಸಪಾಟು. ಒಳಗೆ ತಂಪು, ಬೆಂಚುಗಳಿವೆ, ಅವ್ವ ಕೂತು ತಲೆ ಎತ್ತಿದರೆ ಸಾಕು, ನಡೆಯುವ ಕೆಲಸವೇ ಇಲ್ಲ. ಗುಡ್ಡ ಮಾತ್ರ ಆಟೋದಲ್ಲಿ ಹತ್ತಿ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ.

ಮತ್ತೆ, ಮಗನಿಗೆ ಒಂದು ಮಾತು ಹೇಳಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಈ ಊರಲ್ಲಿ ಶುರುವಾದದ್ದು, ಮೋಗ್ಲಿಂಗ್ ಸಂಪಾದಕರು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿನ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯ ಪ್ರೆಸ್ಸಿನಿಂದಲೇ. ಆಟೋದಲ್ಲಿ ಬಲ್ಮಠ ದಾಟುವಾಗ ಇಷ್ಟು ಹೇಳಿದರೂ ಸಾಕು. ಮಾಡಿನ ಹಂಚನ್ನೂ ನೋಡಲಿ. ಅದೇ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹಂಚು ಎಲ್ಲೆಲ್ಲಿಗೋ ಹೋಯಿತು. ನಿಮ್ಮ ದಾವಣಗೆರೆಯ ಹಳೇ ಮನೆಗಳ ಮೇಲೂ ಇರಬಹುದು, ಹುಡುಕಿ.

ಮಲ್ಪೆ_ಮೀನುಗಾರ:

ಊಟದ ವಿಷಯ ನನಗೆ ಬಿಡಿ. ಜನವರಿ ಅಂದರೆ ಮೀನಿಗೆ ಒಳ್ಳೇ ಕಾಲ. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ರಜೆ, ಆಗ ಬಂದು "ಮಂಗಳೂರು ಮೀನು ಅಷ್ಟೇನಿಲ್ಲ" ಅನ್ನುವವರ ಮೇಲೆ ನನಗೆ ಸಿಟ್ಟು.

ನೀವೂ ಮಗನೂ ಮಧ್ಯಾಹ್ನದ ಊಟಕ್ಕೆ ಬಂದರು ಕಡೆಯೋ ರಥಬೀದಿ ಕಡೆಯೋ ಹೋಗಿ. ಸಣ್ಣ ಹೋಟೆಲ್, ಕ್ಯೂ ಇರುತ್ತೆ, ಹನ್ನೆರಡೂವರೆ ಒಳಗೆ ಹೋದರೆ ಸೀಟು. ಮೀನೂಟ ಹೇಳಿ. ಮಸಾಲೆ ಮೆತ್ತಿದ ಮೀನನ್ನು ತಟ್ಟೆಯಲ್ಲಿ ಜೋಡಿಸಿ ಟೇಬಲಿಗೇ ತರುತ್ತಾರೆ, ಬೆರಳು ತೋರಿಸಿದರೆ ಅದನ್ನೇ ಕಾವಲಿಗೆ ಹಾಕುತ್ತಾರೆ. ಬಂಗುಡೆ, ಬೂತಾಯಿ ಅಗ್ಗ. ಅಂಜಲ್, ಮಾಂಜಿ ಗಾತ್ರದ ಮೇಲೆ ರೇಟು, ಬೆರಳು ತೋರಿಸುವ ಮುಂಚೆ ಕೇಳಿ. ಮುಳ್ಳು ಬಿಡಿಸಲು ಅಭ್ಯಾಸ ಇಲ್ಲದಿದ್ದರೆ ಅಂಜಲ್ ಒಳ್ಳೇದು, ನಡುವೆ ಒಂದೇ ಮುಳ್ಳು. ಕಾಣೆ ಸಿಕ್ಕಿದರೆ ರವಾ ಫ್ರೈ ಬಿಡಬೇಡಿ.

ಅನ್ನ ಕೊಡುವಾಗ "ಕುಚ್ಚಲಕ್ಕಿಯಾ ಬೆಳ್ತಿಗೆಯಾ" ಅಂತ ಕೇಳುತ್ತಾರೆ. ಕುಚ್ಚಲಕ್ಕಿ ದಪ್ಪ, ಕೆಂಪು ಬಣ್ಣ, ಮೀನು ಸಾರಿಗೆ ಅದೇ ಸರಿ. ಅವ್ವಗೆ ಬೆಳ್ತಿಗೆ ಹೇಳಿ, ನೀವು ಮನೆಯಲ್ಲಿ ಉಣ್ಣೋ ಬಿಳಿ ಅನ್ನ. ರೊಟ್ಟಿ ಅಂತ ಬೋರ್ಡ್ ನೋಡಿ ಜೋಳದ ರೊಟ್ಟಿ ಅಂದುಕೊಂಡು ಅವ್ವನನ್ನು ಕರೆದುಕೊಂಡು ಹೋಗಬೇಡಿ. ಅದು ಕೋರಿ ರೊಟ್ಟಿ. ಅಕ್ಕಿಯ ಗರಿಗರಿ ಹಾಳೆ, ಮೇಲೆ ಕೋಳಿ ಸಾರು.

ಅವ್ವಗೆ ಬೇರೆ ಸಸ್ಯಾಹಾರಿ ಹೋಟೆಲ್ ಬೇಕಾದಷ್ಟಿವೆ. ಬೆಳಿಗ್ಗೆ ಬನ್ಸ್, ಗೋಳಿಬಜೆ, ನೀರುದೋಸೆಗೆ ಕಾಯಿಬೆಲ್ಲ. ಬನ್ಸ್ ಅಂದರೆ ಬೇಕರಿ ಬನ್ ಅಲ್ಲ, ಬಾಳೆಹಣ್ಣು ಮೈದಾ ನಾದಿ ಎಣ್ಣೆಯಲ್ಲಿ ಕರಿದದ್ದು. ಬೆಣ್ಣೆದೋಸೆ ಊರಿನವರು ನೀವು, ನೀರುದೋಸೆ ನೋಡಿ "ಇದೇನು ಕರವಸ್ತ್ರದ ಥರ ಐತಿ" ಅನ್ನಬೇಡಿ.

ಸಂಜೆ ಗಡ್‌ಬಡ್ ಐಸ್‌ಕ್ರೀಂ. ಇದು ಹುಟ್ಟಿದ್ದು ನಮ್ಮ ಉಡುಪಿಯಲ್ಲಿ.

ಉರ್ವದ_ಅಕ್ಕ:

ಶುರುವಾಯಿತು! ಗಡ್‌ಬಡ್ ಎಲ್ಲಿ ಹುಟ್ಟಿತು ಅಂತ ಜಗಳ ಮಾಡುತ್ತಾ ಇರಿ, ಅಷ್ಟರಲ್ಲಿ ಬಸು ಅವರು ಐಡಿಯಲ್‌ಗೋ ಪಬ್ಬಾಸ್‌ಗೋ ಹೋಗಿ ತಿಂದು ಮುಗಿಸಿರುತ್ತಾರೆ. ಐಡಿಯಲ್ 1975ರಲ್ಲಿ ಶುರುವಾದದ್ದು, ಪಬ್ಬಾಸ್ ಅವರದ್ದೇ, ಲಾಲ್‌ಬಾಗ್‌ನಲ್ಲಿ. ಭಾನುವಾರ ಸಂಜೆ ಹೊರಗೆ ನಿಂತು ಕಾಯಬೇಕು, ವಾರದ ದಿನ ಹೋಗಿ. ಎತ್ತರದ ಗ್ಲಾಸು, ಉದ್ದ ಚಮಚ, ಕೆಳಗೆ ಜೆಲ್ಲಿ ಹಣ್ಣು ಇರುತ್ತದೆ. ನಾಲ್ಕು ಜನಕ್ಕೆ ನಾಲ್ಕು ಹೇಳಬೇಡಿ, ಎರಡು ಹೇಳಿ ನೋಡಿ ಆಮೇಲೆ ಮುಂದಿನ ಮಾತು.

ದಾವಣಗೆರೆ_ಬಸು:

ಅವ್ವಗೆ ಎಲ್ಲಾ ಓದಿ ಹೇಳಿದೆ. ದೋಣಿ ವಿಷಯಕ್ಕೆ "ನಾನ್ಯಾಕ ರೂಮಿನ್ಯಾಗ ಕುಂದರಲಿ, ನಾನೂ ಬರ್ತೀನಿ" ಅಂದರು. ಹಾಗಾಗಿ ದೋಣಿಯವರ ಕೈ ಗಟ್ಟಿ ಇರಲಿ ಅಂತ ಬೇಡಿಕೊಳ್ಳೋದು. ಕೊನೇ ಪ್ರಶ್ನೆ. ವಾಪಸ್ ರೈಲು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ರೂಮ್ ಖಾಲಿ ಮಾಡಿದರೆ ಲಗೇಜು, ಅವ್ವ, ಬಿಸಿಲು ಮೂರನ್ನೂ ಏನು ಮಾಡೋದು? ಊರಿಗೆ ಒಯ್ಯೋಕೆ ಏನು ತಗೊಳ್ಳಬಹುದು?

ಉರ್ವದ_ಅಕ್ಕ:

ಲಗೇಜು ಲಾಡ್ಜಿನ ರಿಸೆಪ್ಷನ್ನಿನಲ್ಲೇ ಇಟ್ಟು ಹೋಗಿ, ಹೆಚ್ಚಿನವರು ಬೇಡ ಅನ್ನುವುದಿಲ್ಲ. ರೂಮ್ ಮಾಡುವಾಗಲೇ ಕೇಳಿಬಿಡಿ. ಚಾಪೆಲನ್ನು ಆ ಬೆಳಿಗ್ಗೆಗೆ ಇಡಿ. ಬಿಸಿಲು ಏರುವ ಹೊತ್ತಿಗೆ ನೆರಳಲ್ಲಿ ಕೂತ ಹಾಗಾಯಿತು, ಹಂಪನಕಟ್ಟೆಯಿಂದ ದೂರವೂ ಇಲ್ಲ. ಮಂಗಳಾದೇವಿಯನ್ನು ಅವತ್ತೇ ಬೆಳಿಗ್ಗೆ ಏಳಕ್ಕೆ ಮುಗಿಸಬಹುದು, ಬೋಳಾರಕ್ಕೆ ಆಟೋದಲ್ಲಿ ಹೋಗಿ ಬರಲು ಹೆಚ್ಚು ಹೊತ್ತು ಬೇಡ.

ಒಯ್ಯಲಿಕ್ಕೆ ಹಲಸಿನ ಹಪ್ಪಳ, ಗೇರುಬೀಜ, ಕುಚ್ಚಲಕ್ಕಿ ಇಷ್ಟವಾದರೆ ಎರಡು ಕಿಲೋ. ಮೀನು ಮಸಾಲೆ ತೆಗೆದುಕೊಂಡರೆ ಎರಡು ಕವರ್ ಹಾಕಿಸಿ, ಇಲ್ಲದಿದ್ದರೆ ಅವ್ವನ ಸೀರೆಗೆಲ್ಲ ವಾಸನೆ. ಅವ್ವನಿಗೆ ಒಂದು ಚೆಂಡು ಶಂಕರಪುರ ಮಲ್ಲಿಗೆ ತೆಗೆದುಕೊಡಿ. ರೇಟು ದಿನದಿಂದ ದಿನಕ್ಕೆ ಏರುತ್ತದೆ ಇಳಿಯುತ್ತದೆ, ಮದುವೆ ಸೀ‌ಸನ್ನಿನಲ್ಲಿ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಚೌಕಾಶಿ ನಡೆಯುವುದಿಲ್ಲ. ಬೆಳಿಗ್ಗೆಯೇ ತೆಗೆದುಕೊಳ್ಳಿ, ಬಾಳೆಎಲೆಯಲ್ಲಿ ಕಟ್ಟಿ ಕೊಡುತ್ತಾರೆ.

ಮತ್ತೆ ವಾಪಸ್ ಟಿಕೆಟ್‌ನಲ್ಲಿ ಜಂಕ್ಷನ್ ಅಂತ ಇದ್ದರೆ ಹಂಪನಕಟ್ಟೆಯಿಂದ ಒಂದು ಗಂಟೆ ಮುಂಚೆ ಹೊರಡಿ. ಪಂಪ್‌ವೆಲ್ಲಿನಲ್ಲಿ ಟ್ರಾಫಿಕ್ ಯಾವಾಗ ಹಿಡಿಯುತ್ತದೆ ಅಂತ ನಮಗೇ ಗೊತ್ತಾಗುವುದಿಲ್ಲ. ಸೆಂಟ್ರಲ್ ಅಂತ ಇದ್ದರೆ ನಿಧಾನಕ್ಕೆ ಊಟ ಮಾಡಿಯೇ ಹೋಗಬಹುದು.